ಆನೆಕಾಸಿನ ಬಣ್ಣ

ನನ್ನ ಅಂಗಡಿಯ ಸ್ಕ್ಯಾನರಿನ ಗಾಜಿನ ಮೇಲೆ ಒಂದು ಗೀರಿದೆ. ಕೂದಲೆಳೆಯಷ್ಟು ಸಣ್ಣದು. ಗಾಜು ಒರೆಸುವಾಗ ಕಾಣುವುದಿಲ್ಲ, ಆದರೆ ಯಾರದಾದರೂ ಆಧಾರ್ ಕಾರ್ಡನ್ನೋ ಮಾರ್ಕ್ಸ್ ಕಾರ್ಡನ್ನೋ ಇಟ್ಟು ಸ್ಕ್ಯಾನ್ ಮಾಡಿದರೆ ಮೂಲೆಯಲ್ಲಿ ಬೆಳ್ಳಗೆ ಎದ್ದು ಕೂರುತ್ತದೆ. ಪಾಂಡವಪುರದಂಥ ಊರಿನಲ್ಲಿ, ಅದೂ ತಾಲ್ಲೂಕು ಕಚೇರಿಗೆ ಬರುವವರನ್ನೇ ನಂಬಿಕೊಂಡ ಜೆರಾಕ್ಸ್ ಅಂಗಡಿಯಲ್ಲಿ, ಜನ ತಮ್ಮ ಕಾಗದಗಳ ವಿಷಯದಲ್ಲಿ ಎಷ್ಟು ಹುಷಾರಾಗಿರುತ್ತಾರೆ ಎಂದು ನಿಮಗೆ ಗೊತ್ತೇ ಇದೆ. ಮೊನ್ನೆ ಒಬ್ಬಾಕೆ ತನ್ನ ಜಾತಿ ಪ್ರಮಾಣಪತ್ರದ ಪ್ರತಿಯನ್ನು ಬಾಗಿಲ ಬೆಳಕಿಗೆ ಹಿಡಿದು, "ಇದೇನವ್ವ, ಗೀಟು ಎಳ್ದಿದೀಯಲ್ಲ? ಸಾಹೇಬ್ರು ಒಪ್ಪಾರಾ?" ಎಂದು ಕೇಳಿದಳು. ಒಪ್ತಾರೆ ಬಿಡಿ ಎಂದು ಸಮಾಧಾನ ಮಾಡಿ ಕಳಿಸಿದೆ.

ಗಾಜು ಬದಲಾಯಿಸಿ ಎಂದು ರಿಪೇರಿಯವನು ಹೇಳಿ ಬಹಳ ದಿನವಾಯಿತು. ನಾನು ನಾಳೆ, ನಾಡಿದ್ದು ಎನ್ನುತ್ತಲೇ ಇದ್ದೇನೆ. ಸಾವಿತ್ರಿಗೆ ಎಲ್ಲದರಲ್ಲೂ ಸೋಮಾರಿತನ ಎಂಬುದು ನಮ್ಮ ಮನೆಯವರ ಅಭಿಪ್ರಾಯ. ಅದರಲ್ಲಿ ಮುಕ್ಕಾಲು ಪಾಲು ನಿಜವೂ ಹೌದು. ಈ ಗಾಜಿನ ವಿಷಯದಲ್ಲಿ ಮಾತ್ರ ಅಲ್ಲ. ಆ ಗೀರು ಬಿದ್ದದ್ದು ನಮ್ಮ ಚಿಕ್ಕಪ್ಪನ ಒಂದು ತಾಮ್ರದ ಕಾಸಿನಿಂದ.

ಚಿಕ್ಕಪ್ಪ ಎಂದರೆ ನಮ್ಮಪ್ಪನ ಕೊನೆಯ ತಮ್ಮ, ಅರಕೆರೆಯ ಚಲುವೇಗೌಡರು. ಮನೆಯ ತುಂಬ ಭತ್ತ, ಕಬ್ಬು, ನಾಲೆ ನೀರಿನ ಮಾತಾಡುವ ಜನರ ನಡುವೆ ಹುಟ್ಟಿಯೂ ಅವರು ಗದ್ದೆಗಿಳಿಯದೆ ಬಸ್ಸು ಹತ್ತಿದರು. ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರ, ಕೆ.ಆರ್. ಪೇಟೆ ಮುಟ್ಟಿ ನಾಗಮಂಗಲಕ್ಕೆ ಹೋಗುವ ಬಸ್ಸಿಗೆ ಅವರು ಕಂಡಕ್ಟರು, ಗಂಜಾಮಿನ ರಹಮತ್ ಸಾಬರು ಡ್ರೈವರು. ಇಬ್ಬರೂ ಜೊತೆಯಾಗಿ ಎಷ್ಟು ಕಾಲ ಓಡಾಡಿದರೆಂದರೆ ಆ ದಾರಿಯ ಜನ ಬಸ್ಸಿನ ಬೋರ್ಡು ಓದುವುದನ್ನೇ ಬಿಟ್ಟಿದ್ದರು. "ಗೌಡ ಸಾಬ್ರ ಗಾಡಿ ಬಂತು" ಎಂದು ಕೈ ಅಡ್ಡ ಹಾಕುತ್ತಿದ್ದರು.

ಬೇಸಿಗೆ ರಜೆಯಲ್ಲಿ ನಾನು ಸಿಂಧಘಟ್ಟದ ಅಜ್ಜಿಮನೆಗೆ ಹೋಗುತ್ತಿದ್ದದ್ದೂ ಅದೇ ಬಸ್ಸಿನಲ್ಲಿ. ಡ್ರೈವರ್ ಹಿಂದಿನ ಸೀಟು ನನ್ನದು. ಇಂಜಿನ್ನಿನ ಬಿಸಿ ಕಾಲಿಗೆ ತಾಗುತ್ತಿತ್ತು. ಜನ ಇಳಿದು ಬಸ್ಸು ಖಾಲಿಯಾದ ಮೇಲೆ ಚಿಕ್ಕಪ್ಪ ಬಂದು ಪಕ್ಕದಲ್ಲಿ ಕೂತು, ಚರ್ಮದ ಚೀಲವನ್ನು ನನ್ನ ಲಂಗದ ಮೇಲೆ ಬೋರಲು ಹಾಕಿ, "ಬೇರೆ ಮಾಡು ಮಗ" ಎನ್ನುವರು. ಐದು ಪೈಸೆ, ಹತ್ತು ಪೈಸೆ, ನಾಲ್ಕಾಣೆ, ಎಂಟಾಣೆ. ನಾನು ನಿಧಾನವಾಗಿ ಗುಡ್ಡೆ ಮಾಡುವುದು, ರಹಮತ್ ಸಾಬರು ಹಳ್ಳ ನೋಡದೆ ಬಸ್ಸು ಹಾರಿಸುವುದು, ನಾಲ್ಕು ಗುಡ್ಡೆಯೂ ಒಂದಾಗುವುದು. ರಜೆ ಪೂರ್ತಿ ನನ್ನ ಲೆಕ್ಕದ ಜ್ಞಾನ ಅಲ್ಲಿಂದ ಮುಂದೆ ಹೋಗಲಿಲ್ಲ. ಚಿಕ್ಕಪ್ಪ ಮಾತ್ರ ಸಂಜೆಗತ್ತಲಲ್ಲಿ, ಬಸ್ಸಿನೊಳಗಿನ ದೀಪ ಕೆಟ್ಟಿದ್ದಾಗಲೂ, ಚೀಲದೊಳಕ್ಕೆ ಕೈಬಿಟ್ಟು ಹೆಬ್ಬೆರಳಲ್ಲಿ ಒಂದು ಸಲ ಸವರಿ ಸರಿಯಾದ ಚಿಲ್ಲರೆಯನ್ನೇ ತೆಗೆಯುತ್ತಿದ್ದರು. ಅವರ ಅಂಗೈಗೆ ಒಂದು ವಾಸನೆಯಿತ್ತು. ಬೆವರು, ಚರ್ಮ, ಲೋಹ ಮೂರೂ ಸೇರಿದ್ದು. ಅವರು ತಲೆ ಸವರಿದರೆ ಆ ವಾಸನೆ ಅಜ್ಜಿಮನೆಯವರೆಗೂ ನನ್ನ ಕೂದಲಲ್ಲಿ ಬರುತ್ತಿತ್ತು.

ಅವರಿಗೆ ಹಳೇ ಕಾಸಿನ ಹುಚ್ಚು ಯಾವಾಗ ಹಿಡಿಯಿತೋ ನನಗೆ ತಿಳಿಯದು. ನಾನು ಕಣ್ಣು ಬಿಡುವಷ್ಟರಲ್ಲಿ ಅದು ಬಲಿತಿತ್ತು. ದಾರಿಯುದ್ದಕ್ಕೂ ಜನಕ್ಕೆ ಈ ಕಂಡಕ್ಟರಿನ ಹುಚ್ಚು ಗೊತ್ತು. ಉಳುವಾಗ ನೇಗಿಲಿಗೆ ಸಿಕ್ಕಿದ್ದು, ಪಾಯ ತೋಡುವಾಗ ಬಂದದ್ದು, ಅಜ್ಜಿಯ ಎಲೆ ಅಡಿಕೆ ಚೀಲದಲ್ಲಿ ಉಳಿದದ್ದು, ಎಲ್ಲವನ್ನೂ ತಂದು ಕೈಗಿಡುತ್ತಿದ್ದರು. ಸುಲ್ತಾನರ ಕಾಲದ ಆನೆಕಾಸು, ಒಡೆಯರ ಕಾಲದ ಸಣ್ಣ ಕಾಸು, ಯಾರ ಕಾಲದ್ದೆಂದು ಹೇಳಲಾಗದಷ್ಟು ಸವೆದ ತಾಮ್ರದ ಬಿಲ್ಲೆ. ಕಾಸಿನ ಹಿಂಬದಿಯ ಫಾರ್ಸಿ ಅಕ್ಷರಗಳನ್ನು ರಹಮತ್ ಸಾಬರು ತಮ್ಮ ಮಸೀದಿಯ ಹಿರಿಯರೊಬ್ಬರಿಂದ ಓದಿಸಿಕೊಂಡು ಬಂದು ಹೇಳುತ್ತಿದ್ದರು. ಚಿಕ್ಕಮ್ಮ ಮಾತ್ರ, "ಎಲ್ರ ಗಂಡಂದ್ರೂ ಸಂಬ್ಳ ತತ್ತಾರೆ, ನಮ್ಮೋರು ತುಕ್ಕು ತತ್ತಾರೆ" ಎಂದು ಸೊಸೈಟಿಗೆ ಹಾಲು ಹಾಕಲು ಬಂದವರ ಮುಂದೆಲ್ಲ ಹೇಳುತ್ತಿದ್ದರು.

ನಾನೂ ಒಮ್ಮೆ ಕಾಸು ಸಂಗ್ರಹಿಸಲು ಹೊರಟೆ. ಶಾಲೆಯಿಂದ ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋದಾಗ ಕೋಟೆಯ ಹತ್ತಿರ ಒಬ್ಬ ಫಳಫಳ ಹೊಳೆಯುವ ಆನೆಯ ಕಾಸು ತೋರಿಸಿದ. ತಿಂಡಿಗೆಂದು ಕೊಟ್ಟದ್ದನ್ನೆಲ್ಲ ಅವನಿಗೆ ಕೊಟ್ಟು ಕೊಂಡೆ. ಉಪವಾಸ ಬಂದು ಚಿಕ್ಕಪ್ಪನ ಕೈಗಿಟ್ಟೆ. ಅವರು ತಿರುಗಿಸಿ ನೋಡಿ, ನಗದೆ, "ಇದು ನಿನ್ಗಿಂತ ಚಿಕ್ದು ಕಣ್ ಮಗ" ಎಂದರು. ಆಮೇಲೆ ಜೇಬಿನಿಂದ ಕಪ್ಪನೆಯದೊಂದನ್ನು ತೆಗೆದು ಅಂಗೈ ಮೇಲಿಟ್ಟು, "ಇದ್ರ ಮಕ ನೋಡು. ವಯಸ್ಸಾದೋರ ಮಕ ಎಂಗಿರ್ತದೆ? ಅಂಗೆ" ಎಂದರು. ನನಗೆ ಆಗ ಕಂಡದ್ದು ಬರೀ ಕಪ್ಪು. ಅದರೊಳಗೆ ಆನೆಯಿದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮೊದಲು ಬೆನ್ನು ಕಂಡಿತು, ಆಮೇಲೆ ಎತ್ತಿದ ಬಾಲ.

ಒಂದು ಹಬ್ಬದಲ್ಲಿ ಚಿಕ್ಕಮ್ಮ ಕಂಚು ಹಿತ್ತಾಳೆ ಬೆಳಗುತ್ತ, ಕಿಟಕಿಯ ಮೇಲಿದ್ದ ಒಂದು ಆನೆಕಾಸಿಗೂ ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟರು. ಒಳ್ಳೆಯ ಮನಸ್ಸಿನಿಂದಲೇ. ಚಿಕ್ಕಪ್ಪ ಅದನ್ನು ಕೈಯಲ್ಲಿ ಹಿಡಿದು, ಸಾವಿನ ಮನೆಯಲ್ಲಿ ಕೂತವರ ಹಾಗೆ ಕೂತರು. ಬಯ್ಯಲಿಲ್ಲ. "ಮಣ್ಣೊಳಗೆ ಅಷ್ಟು ವರ್ಷ ಕುಂತು ಮಾಡ್ಕೊಂಡಿದ್ದ ಬಣ್ಣ ಕಣೆ. ಇನ್ ಬರಾಕಿಲ್ಲ" ಎಂದಷ್ಟೇ ಹೇಳಿದರು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ನಿವೃತ್ತಿಯಾದ ಮೇಲೆ ಅವರಿಗೆ ಒಂದು ಆಸೆ ಹುಟ್ಟಿತು. ತಾನು ಓಡಾಡಿದ ದಾರಿಯಲ್ಲಿ ಎಲ್ಲೆಲ್ಲಿ ಯಾವ ಕಾಸು ಸಿಕ್ಕಿತೋ ಅದರದೊಂದು ಸಣ್ಣ ಪುಸ್ತಕ ಮಾಡಬೇಕು. ಒಂದು ಪುಟಕ್ಕೆ ಒಂದು ಕಾಸು, ಕೆಳಗೆ ಎರಡು ಸಾಲು. ಮಾರುವುದಕ್ಕಲ್ಲ, ಆ ದಾರಿಯ ಶಾಲೆಗಳಿಗೆ ಕೊಡುವುದಕ್ಕೆ. "ಐಕ್ಳಿಗೆ ತಮ್ಮೂರ ಗದ್ದೇಲಿ ಏನದೆ ಅಂತ ಗೊತ್ತಾಗ್ಲಿ. ನೀನೇ ಮಾಡ್ಕೊಡ್ಬೇಕು ಮಗ" ಎಂದರು. ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಹೆದರಿದೆ.

ಯಾಕೆಂದರೆ ನಾನು ಜೀವಮಾನವಿಡೀ ಮಾಡಿರುವುದು ಅದಕ್ಕೆ ವಿರುದ್ಧವಾದ ಕೆಲಸ. ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಲು ಬಂದವರೆಲ್ಲ, "ಒಸಿ ಬೆಳ್ಳಗ್ ಮಾಡಕ್ಕ" ಎನ್ನುತ್ತಾರೆ. ನಾನು ಮಾಡುತ್ತೇನೆ. ಬಿಸಿಲಲ್ಲಿ ಕಬ್ಬು ಕಡಿದು ಬಂದ ಮುಖವನ್ನು ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಮಾಡಿ ಕೊಟ್ಟಿದ್ದೇನೆ. ಈ ತಾಲ್ಲೂಕಿನಲ್ಲಿ ನನ್ನಿಂದ ಬೆಳ್ಳಗಾದವರು ಊರಿಗೆ ಒಬ್ಬರಾದರೂ ಸಿಕ್ಕಾರು. ಕಪ್ಪನ್ನು ಕಪ್ಪಾಗಿಯೇ ಉಳಿಸುವುದು ನನಗೆ ಬರುತ್ತಿರಲಿಲ್ಲ.

ಚಿಕ್ಕಪ್ಪ ಕಾಸುಗಳನ್ನು ಹಳೇ ಬನಿಯನ್ ಬಟ್ಟೆಯಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟುಕೊಂಡು ಅರಕೆರೆಯಿಂದ ಬಸ್ಸು ಬದಲಾಯಿಸಿ ಬರುತ್ತಿದ್ದರು. ಕಾಸಿನ ದಪ್ಪಕ್ಕೆ ಸ್ಕ್ಯಾನರಿನ ಮುಚ್ಚಳ ಮುಚ್ಚುವುದಿಲ್ಲ. ಹರಿದ ಕೊಡೆಯೊಂದರ ಕರೀ ಬಟ್ಟೆ ಕತ್ತರಿಸಿ ಮೇಲೆ ಹೊದಿಸುತ್ತಿದ್ದೆವು. ಮೊದಲ ಚಿತ್ರ ಬಂದಾಗ ನಾನು ರೂಢಿಯಂತೆ ಬೆಳಕು ಏರಿಸಿ, ಅಂಚು ಚೂಪು ಮಾಡಿ, ಖುಷಿಯಿಂದ ತೋರಿಸಿದೆ. ಅವರು ಬಗ್ಗಿ ನೋಡಿ, "ಮದ್ವೆ ಹೆಣ್ಣಿನ ಥರ ಮಾಡ್ಬುಟ್ಟೆಯಲ್ಲ ಮಗ" ಎಂದರು. "ಇಳ್ಸು. ಇದ್ದಂಗೇ ಇರ್ಬೇಕು."

ಇದ್ದ ಹಾಗೆ ಎಂದರೆ ಹೇಗೆ ಎಂದು ಅವರೇ ಕಲಿಸಿದರು. ಕಾಸನ್ನು ಅಂಗಡಿಯ ಬಾಗಿಲಿಗೆ ಒಯ್ದು ಬಿಸಿಲು ನೇರ ಬೀಳದ ಕಡೆ ಅಂಗೈ ಮೇಲೆ ಹಿಡಿಯುವುದು, ನೋಡುವುದು, ಒಳಗೆ ಬಂದು ಪರದೆಯ ಮೇಲಿನದನ್ನು ನೋಡುವುದು, ಮತ್ತೆ ಬಾಗಿಲಿಗೆ. ಒಂದು ಕಾಸು ಹುಣಸೆಬೀಜದ ಬಣ್ಣ. ಒಂದು ಹಳೇ ಬೆಲ್ಲದ ಬಣ್ಣ. ನಾಗಮಂಗಲದ ಕಡೆಯದೊಂದಕ್ಕೆ ಅಂಚಿನಲ್ಲಿ ಪಾಚಿಯಂಥ ಹಸಿರು. ಸ್ಕ್ಯಾನರು ಎಲ್ಲವನ್ನೂ ಒಂದೇ ಕೆಂಪಿಗೆ ತಿರುಗಿಸಿಬಿಡುತ್ತಿತ್ತು. ನಾನು ಕೆಂಪು ಇಳಿಸಿ, ನೆರಳು ಸ್ವಲ್ಪ ಎತ್ತಿ, ಬೆಳಕು ಒಂದು ಕೂದಲಷ್ಟು ಏರಿಸಿ, ಇಳಿಸಿ ಮಾಡುವಾಗ ಅವರು ಪಕ್ಕದ ಸ್ಟೂಲಿನ ಮೇಲೆ ಕೂತು, "ಇಲ್ಲ, ಇಲ್ಲ, ಇನ್ನೊಸಿ, ಹಾಂ ಬುಡು, ಬುಡು, ಸರ್ಯಾಯ್ತು" ಎನ್ನುತ್ತಿದ್ದರು, ರಿವರ್ಸ್ ಬರುವ ಬಸ್ಸಿಗೆ ಹೇಳುವ ಹಾಗೆ. ಆ ದಿನಗಳಲ್ಲಿ ಗಿರಾಕಿಗಳಿಗೆ ನನ್ನ ಮೇಲೆ ಸಿಟ್ಟು, ನನಗೆ ಗಿರಾಕಿಗಳ ಮೇಲೆ ಸಿಟ್ಟು. ಅಷ್ಟು ಚೆನ್ನಾಗಿತ್ತು.

ಕೆಡಲು ಶುರುವಾದದ್ದು ಯಾವತ್ತು ಎಂದು ನನಗೆ ಗೊತ್ತಾಗಲಿಲ್ಲ. ಒಂದು ಮಧ್ಯಾಹ್ನ, ಹಿಂದಿನ ವಾರ ಅವರೇ ಒಪ್ಪಿದ್ದ ಚಿತ್ರವನ್ನು ತೆಗೆದು ತೋರಿಸಿದೆ. "ಕತ್ಲು ಕತ್ಲಾಗದಲ್ಲ ಮಗ" ಎಂದರು. ಪರದೆಯ ದೋಷ ಇರಬಹುದೆಂದು ಒರೆಸಿದೆ. "ಒಸಿ ಬೆಳಕು ಕೊಡು." ಕೊಟ್ಟೆ. ಮುಂದಿನ ವಾರ ಇನ್ನೊಂದಿಷ್ಟು. ಅದರ ಮುಂದಿನ ವಾರ ಮತ್ತೆ. ಹುಣಸೆಬೀಜ ಬೆಲ್ಲವಾಯಿತು, ಬೆಲ್ಲ ಗೋಧಿಯಾಯಿತು. ನನಗೆ ಒಳಗೊಳಗೇ ರೇಗುತ್ತಿತ್ತು. ವಯಸ್ಸಾದವರ ಚಂಚಲತೆ ಎಂದುಕೊಂಡೆ. ಅಂಗಡಿಗೆ ಹೊಸ ಟ್ಯೂಬ್‌ಲೈಟ್ ಹಾಕಿಸಿದೆ. ಪರದೆಯ ಹೊಂದಾಣಿಕೆಯನ್ನೆಲ್ಲ ತಿರುಗಾಮುರುಗಾ ಮಾಡಿದೆ.

ಗೀರು ಬಿದ್ದದ್ದು ಆಗಲೇ. ಕಾಸುಗಳನ್ನು ಗಾಜಿನ ಮೇಲೆ ಅವರೇ ಇಡುತ್ತಿದ್ದರು, ಕೂಸನ್ನು ಚಾಪೆಯ ಮೇಲೆ ಮಲಗಿಸುವಷ್ಟು ಮೆಲ್ಲಗೆ. ಅವತ್ತು, ಮರಳಿನ ಕಣ ಕಚ್ಚಿಕೊಂಡಿದ್ದ ಕಾಸನ್ನು ಗಾಜಿನ ಅಂಚಿಗೆ ತಗುಲಿಸಿ, ಜಾಗ ಹುಡುಕುವ ಹಾಗೆ ಹಾಗೇ ಎಳೆದುಕೊಂಡು ಹೋದರು. ಕರ್ ಎಂದಿತು.

ಆ ದಿನವೇ ಬೆಳಕನ್ನು ಏರಿಸುತ್ತ ಏರಿಸುತ್ತ ಕೊನೆಯವರೆಗೂ ಒಯ್ದೆ. ಪರದೆಯ ಮೇಲೆ ಆನೆ ಸುಣ್ಣ ಬಳಿದ ಗೋಡೆಯ ಹಾಗಾಯಿತು. ಬೆನ್ನಿಲ್ಲ, ಬಾಲವಿಲ್ಲ, ಬೆಳ್ಳನೆಯ ಒಂದು ವೃತ್ತ. "ಹಾಂ, ಈಗ ಒಸಿ ಕಾಣ್ತದೆ. ಬುಡು" ಎಂದರು ಚಿಕ್ಕಪ್ಪ. ನಾನು ಪರದೆ ಬಿಟ್ಟು ಅವರ ಮುಖ ನೋಡಿದೆ. ಅವರು ನೋಡುತ್ತಿದ್ದದ್ದು ಚಿತ್ರದ ಕಡೆಗಲ್ಲ, ಅದಕ್ಕಿಂತ ಒಂದು ಗೇಣು ಪಕ್ಕಕ್ಕೆ.

"ಚಿಕ್ಕಪ್ಪ, ಎಷ್ಟು ದಿನದಿಂದ ಇಂಗೆ?" ಎಂದೆ.

"ಏನ್ ಇಂಗೆ?" ಎಂದು ಡಬ್ಬಿಯ ಮುಚ್ಚಳಕ್ಕೆ ಕೈ ಚಾಚಿದರು. ಮುಚ್ಚಳ ಅಲ್ಲಿರಲಿಲ್ಲ.

ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಒಂದೊಂದಾಗಿ ಹೇಳಿದರು. ನಾಲೆ ಏರಿ ಮೇಲೆ ಹಾಲಿನ ಕ್ಯಾನು ಹಿಡಿದು ಹೋಗುವಾಗ ಬಿದ್ದಿದ್ದರು. ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡಿದ್ದರು. ಪಕ್ಕದಲ್ಲಿ ನಿಂತು ಮಾತಾಡಿಸಿದರೆ ಬೆಚ್ಚಿಬೀಳುತ್ತಿದ್ದರು. "ಯಾರ್ಗೂ ಯೋಳ್ಬೇಡ ಅಂದ್ರು ಕಣವ್ವ. ಪುಸ್ತ್ಕ ಮುಗೀಲಿ ಅಂದ್ರು."

ಮೈಸೂರಿನ ಕಣ್ಣಾಸ್ಪತ್ರೆಗೆ ರಹಮತ್ ಸಾಬರೂ ಬಂದರು. ಬೇಡವೆಂದರೂ ಬಿಡಲಿಲ್ಲ. ಡಾಕ್ಟರು ವಯಸ್ಸಿನಲ್ಲಿ ಚಿಕ್ಕ ಹೆಂಗಸು. ನಿಧಾನವಾಗಿ ಹೇಳಿದರು. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗುತ್ತ ಬಂದಿದೆ, ನೋವಿಲ್ಲದ್ದರಿಂದ ಗೊತ್ತಾಗಿಲ್ಲ, ಸುತ್ತಲಿನ ನೋಟ ಮೊದಲು ಹೋಗಿ ಈಗ ನಡುವೆ ಒಂದು ಕಿಂಡಿಯಷ್ಟು ಮಾತ್ರ ಉಳಿದಿದೆ. ಹೋದದ್ದು ಬರುವುದಿಲ್ಲ, ಇರುವುದನ್ನು ಹಿಡಿದಿಡಲು ಔಷಧಿ ಹಾಕೋಣ, ಅದಕ್ಕೂ ತಡವಾಗಿದೆ.

ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಒಂದು ಪುಸ್ತ್ಕ ಅಚ್ಚಾಗ್ತಾ ಅದೆ. ಅದು ಬರೋಗಂಟ ಇರ್ತದಾ ತಾಯಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೇಳೋಕಾಗಲ್ಲ ತಾತ" ಎಂದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ರಹಮತ್ ಸಾಬರು ಬಾಯಿಗೆ ಬಂದದ್ದೆಲ್ಲ ಮಾತಾಡಿದರು. ಚಿಕ್ಕಪ್ಪ ಕಿಟಕಿಯ ಕಡೆ ಕೂತಿದ್ದರು. ಒಂದು ಕಡೆ ಬಸ್ಸು ನಿಂತಾಗ, "ಸೀರಂಗಪಟ್ಣದ ಸೇತ್ವೆ ಬಂತೇನ್ಲಾ?" ಎಂದು ಕೇಳಿದರು. ಸೇತುವೆ ಆಗಲೇ ಹಿಂದಾಗಿತ್ತು. ನಿಲ್ದಾಣದಲ್ಲಿ ಇಳಿಯುವವರು ಎದ್ದು ನಿಂತಿದ್ದರು. ಈ ಸೀಮೆಯ ದಾರಿಗಳ ಒಂದೊಂದು ತಿರುವನ್ನೂ ಕಣ್ಣು ಮುಚ್ಚಿ ಹೇಳುತ್ತಿದ್ದ ಮನುಷ್ಯ. ರಹಮತ್ ಸಾಬರು, "ಬಂತು ಕಣ್ಲಾ, ಈಗ ಬಂತು, ಏಳು" ಎಂದು ಅವರ ರಟ್ಟೆ ಹಿಡಿದರು.

ಅದಾದ ಮೇಲೆ ಒಂದೇ ಸಲ ಅವರು ಅಂಗಡಿಗೆ ಬಂದದ್ದು. ಚಿಕ್ಕಮ್ಮ ಕೈಹಿಡಿದು ಕರೆತಂದರು. ಬಾಗಿಲು ಮುಚ್ಚಿ, ಒಂದು ಆನೆಕಾಸನ್ನು ಪರದೆಯ ತುಂಬ ದೊಡ್ಡದು ಮಾಡಿ, ಬೆಳಕು ಏರಿಸಿ ಇಟ್ಟೆ. ಅವರು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದರು. ಆ ಕಿಂಡಿಯಷ್ಟು ನೋಟವನ್ನು ಚಿತ್ರದ ಮೇಲೆ ಅತ್ತಿತ್ತ ಆಡಿಸಿದರು.

"ಬಾಲ ಕಾಣ್ತದೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಕಾಲು. ಒಂದ್ ಕಾಲು." ಮತ್ತೆ ಹುಡುಕಿದರು. "ಸೊಂಡ್ಲು ಎಲ್ಲೋಯ್ತು ಮಗ?"

ನಾನು ಅವರ ಗಲ್ಲ ಹಿಡಿದು ಮೆಲ್ಲಗೆ ಎಡಕ್ಕೆ ತಿರುಗಿಸಿದೆ. ಸೊಂಡಿಲು ಸಿಕ್ಕಿತು. ಅಷ್ಟರಲ್ಲಿ ಬಾಲ ಹೋಗಿತ್ತು. ಇಡೀ ಆನೆ ಒಂದೇ ಸಲಕ್ಕೆ ಎಲ್ಲೂ ಸಿಗಲಿಲ್ಲ. ಚಿತ್ರವನ್ನು ಚಿಕ್ಕದು ಮಾಡಿದರೆ ಮಸುಕು, ದೊಡ್ಡದು ಮಾಡಿದರೆ ತುಂಡು. ನಾನು ಮೌಸು ಹಿಡಿದು ಹಿಗ್ಗಿಸುತ್ತ ಕುಗ್ಗಿಸುತ್ತ ಇದ್ದೆ. ನನ್ನ ಕೈಯಲ್ಲಿ ಇದ್ದದ್ದು ಅಷ್ಟೇ. ಕೊನೆಗೆ ಅವರೇ ಹಿಂದಕ್ಕೆ ಸರಿದು ಕೂತರು.

"ಚಿಕ್ಕಪ್ಪ, ಪುಸ್ತಕದಲ್ಲಿ ಎಲ್ಲಾನೂ ಬೆಳ್ಳಗೇ ಹಾಕ್ತೀನಿ. ನಿಮಗೆ ಕಂಡಷ್ಟು ಕಾಣಲಿ" ಎಂದೆ.

"ನನ್ಗೋಸ್ಕರ ಕೆಡಿಸ್ಬೇಡ" ಎಂದರು. ದನಿ ಗಟ್ಟಿಯಾಗಿತ್ತು. "ಮೊದ್ಲು ಎಂಗ್ ಮಾಡಿದ್ದೋ ಅಂಗೇ ಹಾಕು. ಇದ್ದಂಗೆ."

ಆ ಕೆಲಸ ಆಮೇಲೆ ನಾನೊಬ್ಬಳೇ ಮಾಡಿದೆ. ಅರ್ಧಕ್ಕಿಂತ ಹೆಚ್ಚು ಕಾಸುಗಳ ಚಿತ್ರಗಳು ಅವರ ಕಣ್ಣಿಗೆ ಬೀಳದೆ ಉಳಿದಿದ್ದವು. ಕಾಸು ಹಿಡಿದು ಬಾಗಿಲಿಗೆ ಹೋಗುತ್ತಿದ್ದೆ, ನೋಡುತ್ತಿದ್ದೆ, ಒಳಗೆ ಬರುತ್ತಿದ್ದೆ. ಕೆಂಪು ಇಳಿಸುತ್ತಿದ್ದೆ, ನೆರಳು ಎತ್ತುತ್ತಿದ್ದೆ. ಪಕ್ಕದ ಸ್ಟೂಲು ಖಾಲಿ. ಎಲ್ಲಿ ನಿಲ್ಲಿಸಬೇಕೆಂದು ಹೇಳುವವರಿಲ್ಲ. ಈ ಬಣ್ಣ ಸರಿಯೇ ಎಂದು ಲೋಕದಲ್ಲಿ ಇನ್ನು ಯಾರನ್ನು ಕೇಳಲಿ? ಮೋಡದ ದಿನ ಸರಿ ಎನಿಸಿದ್ದು ಬಿಸಿಲಿನ ದಿನ ತಪ್ಪೆನಿಸುತ್ತಿತ್ತು. ಒಂದು ಕಾಸನ್ನು ಮುಗಿಯಿತೆಂದು ಉಳಿಸಿ, ಮತ್ತೆ ತೆರೆದು, ಮತ್ತೆ ಉಳಿಸಿ, ನನ್ನ ಕಣ್ಣನ್ನೇ ನಾನು ನಂಬದ ಹಾಗಾಯಿತು. ನೋಡಿ, ಬೆಳ್ಳಗೆ ಮಾಡುವುದಕ್ಕೆ ಇಂಥ ಕಷ್ಟವೇ ಇರಲಿಲ್ಲ. ಎಷ್ಟು ಮಾಡಿದರೂ ಜನ ಥ್ಯಾಂಕ್ಸ್ ಹೇಳುತ್ತಿದ್ದರು.

ಅಷ್ಟರಲ್ಲಿ ಚಿಕ್ಕಪ್ಪನ ಆ ಕಿಂಡಿಯೂ ಮುಚ್ಚಿತು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು, ಕಣ್ಣು ಹೋದವರಿಗೆ ಬೆರಳೇ ಕಣ್ಣಾಗುತ್ತದೆ ಎಂದು. ರಹಮತ್ ಸಾಬರಂತೂ ಅದನ್ನು ಗಟ್ಟಿಯಾಗಿ ನಂಬಿದ್ದರು. ಒಂದು ಭಾನುವಾರ ಅರಕೆರೆಯ ಮನೆಯ ಜಗಲಿಗೆ ಅವರೇ ನನ್ನಿಂದ ಕಾಸಿನ ಡಬ್ಬಿ ತರಿಸಿದರು.

"ಅರೆ ಗೌಡ, ಕತ್ಲಲ್ಲಿ ಚಿಲ್ರೆ ಕೊಡ್ತಿದ್ದೋನು ನೀನು. ನಿನ್ ಕೈ ಮರ್ತದಾ? ತಕ್ಕೊ, ಇದ್ಯಾವ್ದು ಯೋಳು."

ಚಿಕ್ಕಪ್ಪನ ಮುಖದಲ್ಲಿ ಬಹಳ ದಿನದ ಮೇಲೆ ಸ್ವಲ್ಪ ಕಳೆ ಬಂತು. ಕಾಸನ್ನು ಹೆಬ್ಬೆರಳಲ್ಲಿ ಸವರಿದರು. ತಿರುಗಿಸಿ ಸವರಿದರು. ಉಗುರಿನಿಂದ ಅಂಚು ಗೀಚಿದರು. "ಇದು ಮೇಲುಕೋಟೆ ರೋಡಲ್ಲಿ ಸಿಕ್ಕಿದ್ದು" ಎಂದರು. ಅಲ್ಲ, ಅದು ಕೆ.ಆರ್. ಪೇಟೆಯದು. ಎರಡನೆಯದೂ ತಪ್ಪಾಯಿತು. ಮೂರನೆಯದನ್ನು ಬಹಳ ಹೊತ್ತು ಹಿಡಿದಿದ್ದರು. ಚಿಲ್ಲರೆಗೆ ಗಾತ್ರವಿತ್ತು, ಅಂಚಿನಲ್ಲಿ ಹಲ್ಲಿತ್ತು. ಇವು ಮಣ್ಣಿನಲ್ಲಿ ಸವೆದು ನುಣ್ಣಗಾದ ಬಿಲ್ಲೆಗಳು. ಇವುಗಳನ್ನು ಅವರು ಗುರುತಿಸುತ್ತಿದ್ದದ್ದು ಬೆರಳಿನಿಂದಲ್ಲ, ಬಣ್ಣದಿಂದ.

"ಏನೂ ಗೊತ್ತಾಗಾಕಿಲ್ಲ ಕಣ್ಲಾ" ಎಂದರು ಮೆಲ್ಲಗೆ. "ಬರೀ ತಣ್ಣಗದೆ."

ರಹಮತ್ ಸಾಬರು ಕಾಸುಗಳನ್ನು ಬಟ್ಟೆಗೆ ಸುತ್ತಿದರು. ಚಿಕ್ಕಪ್ಪ, "ಒಳೀಕ್ ಎತ್ತಿಡು. ಇನ್ ಮುಂದ್ಕೆ ಈಚೆಗೆ ತರ್ಬೇಡ" ಎಂದು ಚಿಕ್ಕಮ್ಮನಿಗೆ ಹೇಳಿದರು. ಆಮೇಲೆ ಯಾರೂ ಬೆರಳಿನ ಮಾತು ಎತ್ತಲಿಲ್ಲ.

ಪುಸ್ತಕ ಬಂತು. ಮೈಸೂರಿನ ಪ್ರೆಸ್ಸಿನವರು ನನ್ನ ಬಣ್ಣವನ್ನು ಅಷ್ಟೇನೂ ಕೆಡಿಸಿರಲಿಲ್ಲ. ಕೆಡಿಸಿದ್ದರೂ ಹೇಳುವಷ್ಟು ಧೈರ್ಯ ನನಗೆ ಉಳಿದಿರಲಿಲ್ಲ. ಕಟ್ಟನ್ನು ಆಟೋದಲ್ಲಿ ಹಾಕಿಕೊಂಡು ಅರಕೆರೆಗೆ ಒಯ್ದೆ. ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ರಹಮತ್ ಸಾಬರು ಆಗಲೇ ಬಂದಿದ್ದರು. ಕಟ್ಟು ಬಿಚ್ಚಿ ಮೊದಲ ಪ್ರತಿಯನ್ನು ಚಿಕ್ಕಪ್ಪನ ಕೈಗೆ ಕೊಟ್ಟೆ. ಅವರು ರಟ್ಟು ಸವರಿದರು, ಮೂಸಿದರು, ತೊಡೆಯ ಮೇಲಿಟ್ಟುಕೊಂಡು ಬಿಡಿಸಿದರು. ಒಂದು ಪುಟದ ಮೇಲೆ ಬೆರಳಿಟ್ಟು, "ನೋಡ್ಲಾ ರಹಮತ್, ಇದೇ ಚಿನಕುರಳಿ ತಾವು ಕಬ್ಬಿನ ಗದ್ದೇಲಿ ಸಿಕ್ಕಿದ್ದು. ಆನೆ ಎಡಕ್ಕೆ ಮಕ ಮಾಡದೆ, ನೋಡು" ಎಂದರು.

ಪುಸ್ತಕ ಅವರ ಕೈಯಲ್ಲಿ ತಲೆಕೆಳಗಾಗಿತ್ತು. ಬೆರಳಿನ ಕೆಳಗಿದ್ದದ್ದು ಆನೆಯಲ್ಲ, ಕೊನೆಯಲ್ಲಿದ್ದ ಖಾಲಿ ಹಾಳೆ.

ರಹಮತ್ ಸಾಬರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಹೂಂ ಕಣ್ಲಾ ಗೌಡ. ಆನೆ ಭಾಳ ಚೆಂದಾಗದೆ" ಎಂದರು ಸಾಬರು.

ಚಿಕ್ಕಪ್ಪ ಪುಟ ತಿರುವಿದರು. ಶೀಳನೆರೆಯ ಕಾಸು, ಸಿಂಧಘಟ್ಟದ ಕೆರೆ ಏರಿಯ ಕಾಸು, ಕೊಟ್ಟವರ ಹೆಸರು, ಅವತ್ತು ಮಳೆಯಿತ್ತೋ ಇಲ್ಲವೋ, ಎಲ್ಲವನ್ನೂ ತಾವು ಹೇಳಿ ಬರೆಸಿದ ಕ್ರಮದಲ್ಲೇ ಹೇಳುತ್ತ ಹೋದರು. ಪುಟಗಳು ಹಿಂದಿನಿಂದ ಮುಂದಕ್ಕೆ ಹೋಗುತ್ತಿದ್ದವು. ಸಾಬರು ಪ್ರತಿಯೊಂದಕ್ಕೂ ಹೂಂ ಎಂದರು, ಚೆಂದ ಎಂದರು. ಎಲ್ಲ ಮುಗಿದ ಮೇಲೆ, ನಮಾಜಿಗೆ ಹೊತ್ತಾಯಿತೆಂದು ಎದ್ದು, ಚಪ್ಪಲಿ ಮೆಟ್ಟುವಾಗ ಟೋಪಿಯಿಂದ ಕಣ್ಣೊರೆಸಿಕೊಂಡು ಹೋದರು.

ಅವರ ಹೆಜ್ಜೆಯ ಸದ್ದು ಬೀದಿಗೆ ಇಳಿಯುವವರೆಗೂ ಚಿಕ್ಕಪ್ಪ ಕಿವಿಗೊಟ್ಟು ಕಾದರು.

"ಏನ್ ತಪ್ಪಾಗಿತ್ತು ಮಗ?" ಎಂದರು.

ನಾನು ಬಿಚ್ಚಿದ ಕಟ್ಟಿನ ದಾರವನ್ನು ಬೆರಳಿಗೆ ಸುತ್ತತೊಡಗಿದೆ.

"ಬ್ರೇಕು ಹಿಡೀದೆ ಇದ್ದಾಗ ಜನ ಎದ್ರುಕೋಬಾರ್ದು ಅಂತ ಇದೇ ದನೀಲಿ ಮಾತಾಡೋನು ಅವ್ನು. ಏನಿಲ್ಲ ಗೌಡ, ಎಲ್ಲಾ ಸರಿಯಾಗದೆ ಅನ್ನೋನು. ನಂಗೊತ್ತಿಲ್ವಾ? ಯೋಳು."

"ಪುಸ್ತಕ ತಲೆಕೆಳಗಿತ್ತು ಚಿಕ್ಕಪ್ಪ."

"ಶುರುವಿಂದ್ಲೂವಾ?"

"ಹೂಂ."

ಅವರು ಪುಸ್ತಕ ಮುಚ್ಚಿದರು. ಅದನ್ನು ಎರಡೂ ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಕಟ್ಟು ಎಲ್ಲಿದೆಯೆಂದು ತಡವಿ ಅದರ ಮೇಲಿಟ್ಟರು. ಚಿಕ್ಕಮ್ಮ, "ಒಂದು ಮನೇಲಿರ್ಲಿ" ಎಂದರು.

"ಮನೇಲಿ ಯಾರ್ ನೋಡ್ಬೇಕು? ಐಕ್ಳಿಗೆ ಕೊಟ್ಬುಡು" ಎಂದರು ಚಿಕ್ಕಪ್ಪ. ಯಾರ ಮೇಲೂ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಮಾರನೆಯ ದಿನ ಬೆಳಗ್ಗೆ ಬಸ್ಸು ಹತ್ತಿದೆ. ಪಾಂಡವಪುರದ ಕಡೆಯ ಶಾಲೆಗಳನ್ನು ಮುಗಿಸಿ ಶೀಳನೆರೆಗೆ, ಕೆ.ಆರ್. ಪೇಟೆಗೆ, ಅಲ್ಲಿಂದ ಮುಂದಕ್ಕೆ. ಕೆಲವು ಕಡೆ ಮೇಷ್ಟರು ಟೀ ಕೊಟ್ಟರು, ಕೆಲವು ಕಡೆ ಮೇಜಿನ ಮೇಲಿಟ್ಟು ಹೋಗಿ ಎಂದರು. ಒಂದು ಶಾಲೆಯಲ್ಲಿ ನನ್ನ ಕಣ್ಣೆದುರಿಗೇ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಚಿಕ್ಕಪ್ಪನ ಪ್ರತಿ ಯಾವುದೆಂದು ಗುರುತಿಟ್ಟುಕೊಳ್ಳಬೇಕೆಂದಿದ್ದೆ. ಬಸ್ಸಿನ ಕುಲುಕಾಟದಲ್ಲಿ ಅದು ಉಳಿದವುಗಳ ಜೊತೆ ಎಲ್ಲೋ ಸೇರಿಹೋಯಿತು.

ನಾಗಮಂಗಲದಲ್ಲಿ ಕೊನೆಯದನ್ನು ಕೊಟ್ಟು ಬರಿಗೈಯಲ್ಲಿ ಬಸ್‌ಸ್ಟ್ಯಾಂಡಿಗೆ ಬಂದಾಗ ಸಂಜೆಯಾಗಿತ್ತು. ಚಿಕ್ಕಪ್ಪನಿಗೆ ಫೋನ್ ಮಾಡಿ ಎಲ್ಲ ಕೊಟ್ಟು ಮುಗಿಯಿತು ಎಂದೆ.

"ಆಯ್ತು ಮಗ. ಹುಷಾರಾಗ್ ಬಾ" ಎಂದರು.

ಆಮೇಲೆ ಮಾತಿರಲಿಲ್ಲ, ಫೋನೂ ಕಟ್ಟಾಗಲಿಲ್ಲ. ಅದನ್ನು ನಿಲ್ಲಿಸಲು ಅವರ ಬೆರಳು ಗಾಜಿನ ಮೇಲೆ ಅಲ್ಲಿ ಇಲ್ಲಿ ತಡಕಾಡುವ ಟಕ್ ಟಕ್ ಸದ್ದು ಕೇಳಿಸುತ್ತಿತ್ತು. ಬಹಳ ಹೊತ್ತು ಕೇಳಿಸಿಕೊಂಡು ನಿಂತಿದ್ದೆ. ಕೊನೆಗೆ ನಾನೇ ಕಟ್ ಮಾಡಿದೆ.